ಮೇರಿ ಕೊರೆಲಿ ಮತ್ತು ಒಂದು ಫಾರ್ದಿಂಗಿನ ಮಾನ

ಅರ್ಥಶಾಸ್ತ್ರ ಓದಿದವರಿಗೆ ಚಾರ್ಲ್ಸ್ ಮೆಕೆಯ ಹೆಸರು ಅಪರಿಚಿತವಲ್ಲ. ಜನಸಮೂಹದ ಭ್ರಾಂತಿಗಳನ್ನು ಕುರಿತು 1841ರಲ್ಲಿ ಆತ ಪ್ರಕಟಿಸಿದ ಗ್ರಂಥವನ್ನು ಷೇರುಪೇಟೆ ಕುಸಿದಾಗಲೆಲ್ಲ ಯಾರಾದರೊಬ್ಬರು ಕಪಾಟಿನಿಂದ ಹೊರತೆಗೆಯುತ್ತಾರೆ. ಹಾಲೆಂಡಿನ ಟುಲಿಪ್ ಗೆಡ್ಡೆಗಳ ಹುಚ್ಚು, ಸೌತ್ ಸೀ ಕಂಪೆನಿಯ ಪತನ ಇವುಗಳ ಜೊತೆಯಲ್ಲಿ ದೆವ್ವದ ಮನೆಗಳನ್ನೂ ಅಯಸ್ಕಾಂತ ಚಿಕಿತ್ಸೆಯ ವೈದ್ಯರನ್ನೂ ಆತ ಅದೇ ಗ್ರಂಥದಲ್ಲಿ ಗೇಲಿ ಮಾಡಿದ್ದಾನೆ. ಅಂತಹವನ ಮನೆಯಲ್ಲಿ ಬೆಳೆದ ಹುಡುಗಿ ಪ್ರೇಮ, ಆತ್ಮ ಮತ್ತು ವಿದ್ಯುಚ್ಛಕ್ತಿಗಳನ್ನು ಬೆರೆಸಿ ಕಾದಂಬರಿ ಬರೆದು, ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ ಇಂಗ್ಲೆಂಡಿನ ಅತ್ಯಂತ ಜನಪ್ರಿಯ ಲೇಖಕಿಯಾದಳು. ಆಕೆಯೇ ಮೇರಿ ಕೊರೆಲಿ. ಇಂಗ್ಲಿಷ್ ಆಳ್ವಿಕೆಯ ಕಾಲದ ಭಾರತದ ಗ್ರಂಥಾಲಯಗಳಲ್ಲಿಯೂ ಆಕೆಯ ಪುಸ್ತಕಗಳಿಗೆ ಬಹಳ ಬೇಡಿಕೆಯಿತ್ತು. ಇಂದು ಆ ಹೆಸರನ್ನು ಬಲ್ಲವರು ವಿರಳ.

ಮೇರಿ ಮೆಕೆ ಹುಟ್ಟಿದ್ದು 1855ರಲ್ಲಿ, ಲಂಡನ್ನಿನಲ್ಲಿ. ಚಾರ್ಲ್ಸ್ ಮೆಕೆ ಆಕೆಯ ತಾಯಿಯನ್ನು ವಿವಾಹವಾದದ್ದು ಅನಂತರ, ತನ್ನ ಮೊದಲ ಪತ್ನಿ ತೀರಿಕೊಂಡ ಮೇಲೆ. ವಿಕ್ಟೋರಿಯಾ ಯುಗದಲ್ಲಿ ಇದು ಬಹಿರಂಗವಾಗಿ ಹೇಳಿಕೊಳ್ಳುವ ಸಂಗತಿಯಾಗಿರಲಿಲ್ಲ. ಆಕೆ ತಾನು ದತ್ತುಪುತ್ರಿ ಎಂದಳು, ತನ್ನಲ್ಲಿ ವೆನಿಸ್ಸಿನ ರಕ್ತವಿದೆ ಎಂದಳು, ಇಟಲಿಯ ಹೆಸರೊಂದನ್ನು ಧರಿಸಿದಳು, ವಯಸ್ಸಿನಲ್ಲಿ ಸುಮಾರು ಹತ್ತು ವರ್ಷ ಕಡಿಮೆ ಮಾಡಿಕೊಂಡಳು. ವಿಮರ್ಶಕರಿಗೆ ಇದು ನಗೆಯ ವಸ್ತುವಾಯಿತು. ನಿವೃತ್ತಿ ಸಮೀಪಿಸುತ್ತಿದ್ದಂತೆ ಜನ್ಮದಿನಾಂಕ ತಿದ್ದುಪಡಿಗೆ ಅರ್ಜಿ ಸಲ್ಲಿಸುವ ನೌಕರರ ಕಡತಗಳನ್ನು ವರ್ಷಗಟ್ಟಲೆ ನೋಡಿದ ನನಗೆ ಅದರಲ್ಲಿ ಮಹಾಪರಾಧವೇನೂ ಕಾಣುವುದಿಲ್ಲ.

1886ರಲ್ಲಿ ಪ್ರಕಟವಾದ ಆಕೆಯ ಮೊದಲ ಕಾದಂಬರಿ ಎರಡು ಲೋಕಗಳ ಪ್ರಣಯಕಥೆ. ಕಾಯಿಲೆಯಿಂದ ಬಳಲಿದ ಸಂಗೀತಗಾರ್ತಿಯೊಬ್ಬಳು ಹೀಲಿಯೋಬಾಸ್ ಎಂಬ ಪ್ರಾಚ್ಯ ಜ್ಞಾನಿಯ ಆಶ್ರಯ ಪಡೆದು, ದೇಹವನ್ನು ಬಿಟ್ಟು ಗ್ರಹತಾರೆಗಳ ನಡುವೆ ಸಂಚರಿಸಿ ಬರುತ್ತಾಳೆ. ದೇವರೂ ಆತ್ಮವೂ ಒಂದು ಬಗೆಯ ವಿದ್ಯುತ್ತೇ ಎಂಬುದು ಅಲ್ಲಿನ ತತ್ತ್ವ. ವಿಜ್ಞಾನವಾಗಿ ನೋಡಿದರೆ ಇದು ಶುದ್ಧ ಅಸಂಬದ್ಧ. ಆದರೆ ಡಾರ್ವಿನ್ನನ ನಂತರದ ಇಂಗ್ಲೆಂಡಿನಲ್ಲಿ ಪ್ರಾರ್ಥನೆ ಕೇಳುವವರು ಯಾರಾದರೂ ಇದ್ದಾರೆಯೇ ಎಂಬ ಶಂಕೆಯಿಂದ ನಿದ್ದೆಗೆಟ್ಟ ಗುಮಾಸ್ತರಿಗೂ ಉಪಾಧ್ಯಾಯಿನಿಯರಿಗೂ ಅದು ಸಾಂತ್ವನವಾಯಿತು. ಕತ್ತಲ ಕೋಣೆಯಲ್ಲಿ ಮೇಜು ಅಲುಗಾಡಿಸಿ ಸತ್ತವರನ್ನು ಮಾತನಾಡಿಸುವೆವೆಂದು ಹಣ ಕೀಳುತ್ತಿದ್ದ ಮಧ್ಯವರ್ತಿಗಳನ್ನು ಆಕೆ ತಿರಸ್ಕರಿಸುತ್ತಿದ್ದಳು ಎಂಬುದನ್ನು ಮಾತ್ರ ಆಕೆಯನ್ನು ಹೀಗಳೆದವರು ಗಮನಿಸಲಿಲ್ಲ. ಪ್ರೇತಗಳಲ್ಲಿ ನನಗೆ ನಂಬಿಕೆಯಿಲ್ಲ. ಆದರೂ ನಂಬಿಕೆಗೂ ಅದರ ವ್ಯಾಪಾರಕ್ಕೂ ನಡುವೆ ಗೆರೆ ಎಳೆದವಳನ್ನು ಆ ವ್ಯಾಪಾರಿಗಳ ಸಾಲಿಗೆ ಸೇರಿಸಲು ಮನಸ್ಸೊಪ್ಪುವುದಿಲ್ಲ.

ಇಂಗ್ಲಿಷಿನ ಸ್ಪಿರಿಟ್ ಎಂಬ ಪದಕ್ಕೆ ಆತ್ಮವೆಂಬ ಅರ್ಥವಿರುವಂತೆ ಮದ್ಯಸಾರವೆಂಬ ಅರ್ಥವೂ ಇದೆಯಷ್ಟೆ. ಕೊರೆಲಿ ಎರಡನ್ನೂ ಬಿಡಲಿಲ್ಲ. 1890ರ ವರ್ಮ್‌ವುಡ್ ಕಾದಂಬರಿಯಲ್ಲಿ ಪ್ಯಾರಿಸ್ಸಿನ ಬ್ಯಾಂಕರನೊಬ್ಬನ ಮಗ ಆಬ್ಸಿಂತ್ ಎಂಬ ಹಸಿರು ಮದ್ಯಕ್ಕೆ ಬಿದ್ದು ಕೊಲೆಗಡುಕನಾಗುವ ಕಥೆಯಿದೆ. ಉಪದೇಶದ ಭಾರಕ್ಕೆ ಕಥೆ ಅಲ್ಲಲ್ಲಿ ಬಾಗುತ್ತದೆ, ನಿಜ. ಫ್ರಾನ್ಸ್ ಸರ್ಕಾರ ಆ ಮದ್ಯವನ್ನು ನಿಷೇಧಿಸಿದ್ದು 1915ರಲ್ಲಿ, ಅಂದರೆ ಕಾದಂಬರಿ ಬಂದು ಇಪ್ಪತ್ತೈದು ವರ್ಷಗಳಾದ ಮೇಲೆ.

ಆಕೆಯ ಜನಪ್ರಿಯತೆಯನ್ನು ಓದುಗರ ಕೀಳು ಅಭಿರುಚಿಯ ಖಾತೆಗೆ ಬರೆದು ಕೈತೊಳೆದುಕೊಳ್ಳುವುದು ಸುಲಭ. ಅದರ ಹಿಂದೆ ಮಾರುಕಟ್ಟೆಯ ಒಂದು ಪಲ್ಲಟವೂ ಇತ್ತು. ಅಲ್ಲಿಯವರೆಗೆ ಇಂಗ್ಲಿಷ್ ಕಾದಂಬರಿ ಮೂರು ಸಂಪುಟಗಳಲ್ಲಿ, ಮೂವತ್ತೊಂದೂವರೆ ಷಿಲಿಂಗ್ ಬೆಲೆಗೆ ಬರುತ್ತಿತ್ತು. ಸಾಮಾನ್ಯರು ಅದನ್ನು ಕೊಳ್ಳುವಂತಿರಲಿಲ್ಲ. ಚಂದಾ ಕಟ್ಟಿ ಎರವಲು ತರಬೇಕಿತ್ತು. ಏನು ಓದಬೇಕೆಂಬುದನ್ನು ಒಂದೆರಡು ದೊಡ್ಡ ಚಂದಾ ಗ್ರಂಥಾಲಯಗಳೇ ನಿರ್ಧರಿಸುತ್ತಿದ್ದವು. 1894ರಲ್ಲಿ ಆ ಗ್ರಂಥಾಲಯಗಳು ಹೆಚ್ಚು ಬೆಲೆ ತೆರಲಾರೆವೆಂದು ಪಟ್ಟು ಹಿಡಿದ ಬಳಿಕ ಆ ವ್ಯವಸ್ಥೆ ಕುಸಿಯಿತು. ಮರುವರ್ಷ ಕೊರೆಲಿಯ ಸೈತಾನನ ದುಃಖಗಳು ಒಂದೇ ಸಂಪುಟದಲ್ಲಿ, ಆರು ಷಿಲಿಂಗಿಗೆ ಹೊರಬಂತು. ವಿಮರ್ಶೆಗೆ ಪ್ರತಿಗಳನ್ನು ಕಳುಹಿಸುವುದಿಲ್ಲವೆಂದು ಆಕೆ ಪುಸ್ತಕದಲ್ಲಿಯೇ ಅಚ್ಚು ಹಾಕಿಸಿದ್ದಳು. ಹಸಿದ ಬರಹಗಾರನೊಬ್ಬನಿಗೆ ಇದ್ದಕ್ಕಿದ್ದಂತೆ ಐವತ್ತು ಲಕ್ಷ ಪೌಂಡಿನ ಆಸ್ತಿ ಒದಗಿ, ಅದರ ಬೆನ್ನಲ್ಲೇ ರಾಜಕುಮಾರನ ವೇಷದಲ್ಲಿ ಸೈತಾನ ಸ್ನೇಹಿತನಾಗಿ ಬರುವ ಕಥೆ ಅದು. ಮನುಷ್ಯರು ತನ್ನನ್ನು ತಿರಸ್ಕರಿಸಲಿ ಎಂದೇ ಆ ಸೈತಾನ ಒಳಗೊಳಗೆ ಹಂಬಲಿಸುತ್ತಾನೆ, ಹೆಚ್ಚಿನವರು ತಿರಸ್ಕರಿಸುವುದಿಲ್ಲ. ಇಂತಹ ಕಲ್ಪನೆಯನ್ನು ಅಗ್ಗದ್ದೆಂದು ತಳ್ಳಿಹಾಕಲು ನಾನು ಸಿದ್ಧನಿಲ್ಲ. ಆಕೆಯ ಗದ್ಯ ಕೃತಕ ಎಂಬ ಆಕ್ಷೇಪವನ್ನು ಮಾತ್ರ ಒಪ್ಪುತ್ತೇನೆ.

ಹಣ ಬಂದ ಮೇಲಿನ ಆಕೆಯ ಬದುಕು ನನಗೆ ಹೆಚ್ಚು ಕುತೂಹಲಕರ. ಜೀವನದ ಸಂಗಾತಿ ಬರ್ತಾ ವೈವರ್ ಜೊತೆಯಲ್ಲಿ ಆಕೆ ಶೇಕ್ಸ್‌ಪಿಯರನ ಊರಾದ ಸ್ಟ್ರಾಟ್‌ಫರ್ಡಿಗೆ ಬಂದು, ಮೇಸನ್ ಕ್ರಾಫ್ಟ್ ಎಂಬ ಮನೆಯಲ್ಲಿ ನೆಲೆಸಿದಳು. ವೆನಿಸ್ಸಿನಿಂದ ಗೊಂಡೊಲ ತರಿಸಿ ಏವನ್ ನದಿಯಲ್ಲಿ ವಿಹರಿಸಿದಳು. ಊರು ನಕ್ಕಿತು. ಅಷ್ಟರಲ್ಲಿ ಉಕ್ಕಿನ ದೊರೆ ಆಂಡ್ರೂ ಕಾರ್ನೆಗಿ ಸ್ಟ್ರಾಟ್‌ಫರ್ಡಿಗೊಂದು ಗ್ರಂಥಾಲಯವನ್ನು ದಾನವಾಗಿ ಕೊಡಲು ಮುಂದೆ ಬಂದ. ಶೇಕ್ಸ್‌ಪಿಯರನ ಜನ್ಮಗೃಹವಿದ್ದ ಹೆನ್ಲಿ ಬೀದಿಯಲ್ಲಿಯೇ ಜಾಗ ಗೊತ್ತಾಯಿತು. ಅದಕ್ಕಾಗಿ ಪಕ್ಕದ ಹಳೆಯ ಮನೆಗಳನ್ನು ಕೆಡವುವ ಯೋಜನೆಯೂ ಸಿದ್ಧವಾಯಿತು. 1903ರಲ್ಲಿ ಕೊರೆಲಿ ಪತ್ರಿಕೆಗಳಲ್ಲಿ ಪ್ರತಿಭಟನೆ ಆರಂಭಿಸಿ ತನ್ನದೇ ಕಿರುಹೊತ್ತಗೆಯನ್ನೂ ಹೊರತಂದಳು.

ಪುಕ್ಕಟೆ ಬಂದ ದಾನವನ್ನು ಪ್ರಶ್ನಿಸುವವನಿಗೆ ಯಾವ ಊರಿನಲ್ಲಿಯೂ ಗೆಳೆಯರಿರುವುದಿಲ್ಲ. ಗ್ರಂಥಾಲಯ ಕಟ್ಟಿಸುವ ಕೀರ್ತಿ ತನಗೆ ತಪ್ಪಿತೆಂಬ ಹೊಟ್ಟೆಕಿಚ್ಚಿನಿಂದ ಆಕೆ ಗಲಾಟೆ ಮಾಡುತ್ತಿದ್ದಾಳೆ ಎಂಬ ಆರೋಪ ಅಚ್ಚಾಯಿತು. ಆಕೆ ಮಾನನಷ್ಟ ಮೊಕದ್ದಮೆ ಹೂಡಿದಳು. ತೀರ್ಪೇನೋ ಆಕೆಯ ಪರವಾಗಿಯೇ ಬಂತು; ಪರಿಹಾರದ ಮೊತ್ತ ಮಾತ್ರ ಒಂದು ಫಾರ್ದಿಂಗ್, ಪೆನ್ನಿಯ ಕಾಲುಭಾಗ. ಆದರೆ ಯೋಜನೆ ಬದಲಾಯಿತು, ಹಳೆಯ ಕಟ್ಟಡಗಳಲ್ಲಿ ಕೆಲವು ಉಳಿದವು. 1905ರಲ್ಲಿ ಗ್ರಂಥಾಲಯ ತೆರೆದದ್ದು ಹಳೆಯ ಮರದ ಚೌಕಟ್ಟಿನ ಕಟ್ಟಡದಲ್ಲಿಯೇ. ಆಕೆಯ ಉದ್ದೇಶದಲ್ಲಿ ಅಸೂಯೆಯ ಲೇಪ ಇದ್ದಿರಬಹುದು. ಆಡಳಿತದಲ್ಲಿರುವವರು ಅರ್ಜಿಯನ್ನು ಪರಿಶೀಲಿಸುವ ಬದಲು ಅರ್ಜಿದಾರನ ನಡತೆಯನ್ನು ಪರಿಶೀಲಿಸತೊಡಗಿದರೆ ಎಷ್ಟು ನ್ಯಾಯವಾದ ಬೇಡಿಕೆಗಳು ಕಡತದಲ್ಲಿಯೇ ಸತ್ತುಹೋಗುತ್ತವೆ ಎಂಬುದನ್ನು ಬಲ್ಲವನಾಗಿ, ಆ ಫಾರ್ದಿಂಗಿನ ತೀರ್ಪು ನನಗೆ ಇಂದಿಗೂ ಕಸಿವಿಸಿ ಉಂಟುಮಾಡುತ್ತದೆ.

ಆಕೆ ಅಲ್ಲಿಗೆ ನಿಲ್ಲಲಿಲ್ಲ. ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆ ಹೆಸರು ಕೊಟ್ಟ ಜಾನ್ ಹಾರ್ವರ್ಡನ ತಾತ 1596ರಲ್ಲಿ ಕಟ್ಟಿಸಿದ ಮನೆಯೊಂದು ಊರಿನ ಹೈಸ್ಟ್ರೀಟಿನಲ್ಲಿತ್ತು. ಷಿಕಾಗೋದ ಮಾಂಸೋದ್ಯಮಿ ಎಡ್ವರ್ಡ್ ಮಾರಿಸ್‌ನ ಮನವೊಲಿಸಿ, ಆತನ ಹಣದಿಂದ ಅದನ್ನು ಕೊಳ್ಳಿಸಿ, ತಾನೇ ಮುಂದೆ ನಿಂತು ದುರಸ್ತಿ ಮಾಡಿಸಿದಳು. 1909ರಲ್ಲಿ ಅದು ವಿಶ್ವವಿದ್ಯಾಲಯಕ್ಕೆ ಕೊಡುಗೆಯಾಗಿ ಸಂದಿತು. ತನ್ನ ಹೆಸರು ಎಲ್ಲರ ಬಾಯಲ್ಲಿರಬೇಕೆಂಬ ಹಂಬಲ ಆಕೆಗೆ ಖಂಡಿತ ಇತ್ತು. ನಮ್ಮ ದೇವಸ್ಥಾನಗಳ ಟ್ಯೂಬ್‌ಲೈಟುಗಳ ಮೇಲೆಯೂ ದಾನಿಗಳ ಹೆಸರಿರುತ್ತದೆ. ಬೆಳಕು ಅದರಿಂದ ಕಡಿಮೆಯಾಗುವುದು ಹೆಸರಿನ ಅಗಲದಷ್ಟೇ.

ಯುದ್ಧಕಾಲದಲ್ಲಿ ಇನ್ನೊಂದು ಅಪಮಾನ ಕಾದಿತ್ತು. ಮಿತಿಮೀರಿ ಸಕ್ಕರೆ ದಾಸ್ತಾನು ಮಾಡಿದ ಆಪಾದನೆಯ ಮೇಲೆ 1918ರ ಜನವರಿಯಲ್ಲಿ ಆಕೆಗೆ 50 ಪೌಂಡ್ ದಂಡ ವಿಧಿಸಲಾಯಿತು. ಹಣ್ಣುಗಳಿಂದ ಜಾಮ್ ಮಾಡಲು ತರಿಸಿದ್ದು ಎಂಬುದು ಆಕೆಯ ಸಮಜಾಯಿಷಿ. ಇದರಲ್ಲಿ ಆಕೆಯ ಪರ ವಹಿಸಲಾರೆ. ಅಭಾವದ ಕಾಲದಲ್ಲಿ ನಿಯಮ ಎಲ್ಲರಿಗೂ ಒಂದೇ ಆಗಿರಬೇಕು. ಸದುದ್ದೇಶದ ದಾಸ್ತಾನು ಎಂಬ ಪ್ರತ್ಯೇಕ ವರ್ಗವನ್ನು ಯಾವ ಆಹಾರ ಇಲಾಖೆಯೂ ಮಾನ್ಯ ಮಾಡಲಾರದು.

1924ರ ಏಪ್ರಿಲ್‌ನಲ್ಲಿ ಕೊರೆಲಿ ತೀರಿಕೊಂಡಳು. ಬರ್ತಾಳ ಕಾಲಾನಂತರ ಮೇಸನ್ ಕ್ರಾಫ್ಟ್ ಟ್ರಸ್ಟಿನ ವಶದಲ್ಲಿ, ತಾನು ಬಿಟ್ಟಂತೆಯೇ ಉಳಿಯಬೇಕೆಂಬುದು ಆಕೆಯ ಇಚ್ಛೆಯಾಗಿತ್ತು. ಓದುಗರು ಮುಂದಿನ ಪೀಳಿಗೆಯಲ್ಲಿಯೂ ಇರುತ್ತಾರೆಂಬ ಭರವಸೆಯ ಮೇಲೆ ನಿಂತ ದತ್ತಿ ಅದು. ಓದುಗರು ಉಳಿಯಲಿಲ್ಲ, ಗೌರವಧನ ಬತ್ತಿತು. ಬರ್ತಾ 1941ರಲ್ಲಿ ತೀರಿಕೊಂಡ ಮೇಲೆ ಟ್ರಸ್ಟಿಗೆ ಮನೆಯನ್ನು ನಡೆಸುವಷ್ಟು ಹಣವಿರಲಿಲ್ಲ. 1943ರಲ್ಲಿ ಸಾಮಾನುಗಳೆಲ್ಲ ಹರಾಜಾದವು. 1951ರಿಂದ ಆ ಮನೆಯಲ್ಲಿ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಶೇಕ್ಸ್‌ಪಿಯರ್ ಸಂಸ್ಥೆ ನೆಲೆಸಿತು. ಕೊರೆಲಿಯನ್ನು ಪಠ್ಯವೆಂದು ಯಾರೂ ಓದದ ಆ ಕಟ್ಟಡದ ಸಂಗೀತದ ಕೋಣೆಯಲ್ಲಿ, ಬೆಂಕಿಗೂಡಿನ ಮೇಲೆ, ಆಕೆಯ ಮತ್ತು ಬರ್ತಾಳ ಹೆಸರಿನ ಮೊದಲಕ್ಷರಗಳು ಒಟ್ಟಿಗೆ ಕೆತ್ತಿದಂತೆಯೇ ಇವೆ.