ಚಾರ್ಲ್ಸ್ ಬ್ಯಾಬೇಜ್

ಚಾರ್ಲ್ಸ್ ಬ್ಯಾಬೇಜ್ (೨೬ ಡಿಸೆಂಬರ್ ೧೭೯೧ – ೧೮ ಅಕ್ಟೋಬರ್ ೧೮೭೧) ಇಂಗ್ಲೆಂಡಿನ ಗಣಿತಜ್ಞ ಹಾಗೂ ಯಂತ್ರ ವಿನ್ಯಾಸಕ. ಗಣಕದ ಪಿತಾಮಹನೆಂದು ಹೆಸರಾದ ಈತ ತಾನು ಕಲ್ಪಿಸಿದ ದೊಡ್ಡ ಯಂತ್ರಗಳಲ್ಲಿ ಒಂದನ್ನೂ ಪೂರ್ಣಗೊಳಿಸಲಿಲ್ಲ.

ಅಂದಿನ ನಾವಿಕರೂ ಖಗೋಳಜ್ಞರೂ ನೆಚ್ಚಿದ್ದ ಗಣಿತ ಕೋಷ್ಟಕಗಳಲ್ಲಿ ಕೈಲೆಕ್ಕದ ಮತ್ತು ಅಚ್ಚಿನ ತಪ್ಪುಗಳು ಹೇರಳವಾಗಿದ್ದವು. ಹಲ್ಲುಗಾಲಿಗಳಿಂದಲೇ ಲೆಕ್ಕ ಮಾಡಿಸಿ ಅಚ್ಚಿಗೂ ಇಳಿಸುವ ವ್ಯತ್ಯಾಸ ಯಂತ್ರವನ್ನು ಬ್ಯಾಬೇಜ್ ಯೋಜಿಸಿ, ೧೮೨೨ರಲ್ಲಿ ಅದರ ಸಣ್ಣ ಮಾದರಿಯನ್ನು ತೋರಿಸಿದ. ಮರುವರ್ಷ ಸರ್ಕಾರದ ಹಣ ದೊರೆಯಿತು. ಆದರೆ ಒಂದೇ ಅಳತೆಯ ಸಾವಿರಾರು ಬಿಡಿಭಾಗಗಳನ್ನು ತಯಾರಿಸುವುದು ಆ ಕಾಲದ ಕಾರ್ಯಾಗಾರಗಳಿಗೆ ಸುಲಭವಾಗಿರಲಿಲ್ಲ. ಕುಶಲಕರ್ಮಿ ಜೋಸೆಫ್ ಕ್ಲೆಮೆಂಟ್ ಅದಕ್ಕಾಗಿ ಹೊಸ ಉಪಕರಣಗಳನ್ನೇ ರೂಪಿಸಬೇಕಾಯಿತು. ೧೮೩೨ರಲ್ಲಿ ಲೆಕ್ಕದ ಭಾಗದ ಸುಮಾರು ಏಳನೆಯ ಒಂದಂಶ ಸಿದ್ಧವಾಗಿ ಸೊಗಸಾಗಿ ನಡೆಯಿತು. ಮರುವರ್ಷವೇ ಹಣದ ವಿಷಯದಲ್ಲಿ ಇಬ್ಬರಿಗೂ ಜಗಳವಾಗಿ ಕೆಲಸ ನಿಂತಿತು. ಅಂದಿನ ರೂಢಿಯಂತೆ ಉಪಕರಣಗಳು ಕ್ಲೆಮೆಂಟನ ಪಾಲಾದವು. ಸರ್ಕಾರ ೧೮೪೨ರಲ್ಲಿ ಕೈತೊಳೆದುಕೊಳ್ಳುವ ವೇಳೆಗೆ ಸುಮಾರು ೧೭,೦೦೦ ಪೌಂಡ್ ವೆಚ್ಚವಾಗಿತ್ತು. ಈ ಸೋಲಿಗೆ ಬ್ಯಾಬೇಜನ ಸ್ವಭಾವವೂ ಕಾರಣ: ಮೊದಲ ಯಂತ್ರ ಮುಗಿಯುವ ಮುನ್ನವೇ, ತೂತು ಕೊರೆದ ಕಾರ್ಡುಗಳ ಆಜ್ಞೆಯಂತೆ ನಡೆಯುವ ವಿಶ್ಲೇಷಣ ಯಂತ್ರ ಅವನ ತಲೆಹೊಕ್ಕಿತ್ತು.

ಬೀದಿ ವಾದ್ಯಗಾರರೊಡನೆಯೂ ಅವನ ಕಲಹ ಪ್ರಸಿದ್ಧ. ತನ್ನ ದುಡಿಮೆಯ ಶಕ್ತಿಯಲ್ಲಿ ಕಾಲುಭಾಗ ಇವರಿಂದ ಹಾಳಾಯಿತೆಂದು, ಗಣಿತಜ್ಞನಿಗೆ ತಕ್ಕಂತೆ, ಲೆಕ್ಕವನ್ನೇ ಕೊಟ್ಟಿದ್ದ. ಅವರೋ ಬೇಕೆಂದೇ ಅವನ ಮನೆಯೆದುರು ನುಡಿಸುತ್ತಿದ್ದರು.

೧೮೪೦ರ ದಶಕದ ಕೊನೆಯಲ್ಲಿ ಅವನು ರಚಿಸಿದ ಎರಡನೆಯ ವ್ಯತ್ಯಾಸ ಯಂತ್ರದ ನಕ್ಷೆಗಳನ್ನು ಅನುಸರಿಸಿ ಲಂಡನ್ನಿನ ವಿಜ್ಞಾನ ವಸ್ತುಸಂಗ್ರಹಾಲಯವು ೧೯೯೧ರಲ್ಲಿ ಅದರ ಲೆಕ್ಕದ ಭಾಗವನ್ನು ಕಟ್ಟಿತು. ನಕ್ಷೆಗಳಲ್ಲಿದ್ದ ಕೆಲವು ತಪ್ಪುಗಳನ್ನು ತಿದ್ದಿದ ಮೇಲೆ ಅದು ಸರಿಯಾಗಿಯೇ ಲೆಕ್ಕ ಮಾಡಿತು.