ಎರಡು ಹೂಜಿಗಳ ಚಿತ್ರಕಾರ ಕೆ. ಎಚ್. ಆರಾ

ನಮ್ಮ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಭಾಗಗಳೆಲ್ಲ ಹಿಂದೆ ಹೈದರಾಬಾದ್ ನಿಜಾಮರ ಸಂಸ್ಥಾನಕ್ಕೆ ಸೇರಿದ್ದವು. ಅದೇ ಸಂಸ್ಥಾನದ ಸಿಕಂದರಾಬಾದ್ ಹತ್ತಿರದ ಬೊಲಾರಂನಲ್ಲಿ 1914ರಲ್ಲಿ ಕೃಷ್ಣಾಜಿ ಹೌಲಾಜಿ ಆರಾ ಹುಟ್ಟಿದರು. ತಂದೆ ವಾಹನ ಚಾಲಕ. ಮೂರು ವರ್ಷದವರಿದ್ದಾಗ ತಾಯಿ ತೀರಿಕೊಂಡರು, ತಂದೆ ಮರುಮದುವೆಯಾದರು. ಏಳನೆಯ ವಯಸ್ಸಿಗೆ ಹುಡುಗ ಮನೆ ಬಿಟ್ಟು ಮುಂಬಯಿಗೆ ಓಡಿಹೋದ.

ಮುಂಬಯಿಯಲ್ಲಿ ಅವರಿಗೆ ಸಿಕ್ಕ ಕೆಲಸ ಕಾರು ತೊಳೆಯುವುದು. ಮುಂದೆ ಮನೆಗೆಲಸದ ಆಳಾಗಿಯೂ ದುಡಿದರು. ಉಪ್ಪಿನ ಸತ್ಯಾಗ್ರಹದಲ್ಲಿ ಭಾಗವಹಿಸಿ ಐದು ತಿಂಗಳು ಜೈಲಿನಲ್ಲಿದ್ದರು. ಬಿಡುಗಡೆಯಾದ ಮೇಲೆ ಮತ್ತೆ ಅದೇ ದುಡಿಮೆ. ಈ ನಡುವೆಯೇ, ಬಿಡುವಾದಾಗಲೆಲ್ಲ ಚಿತ್ರ ಬರೆಯುತ್ತಿದ್ದರು. ಆಗ ಮುಂಬಯಿಯಲ್ಲಿ ಕಲಾವಿಮರ್ಶಕರಾಗಿದ್ದ ರೂಡಿ ಫಾನ್ ಲೈಡನ್ ಅವರ ಕಣ್ಣಿಗೆ ಆ ಚಿತ್ರಗಳು ಬಿದ್ದವು. ಅವರು ಕೊಟ್ಟ ಪ್ರೋತ್ಸಾಹ ದೊಡ್ಡದು. 1942ರಲ್ಲಿ ಮುಂಬಯಿಯ ಚೇತನಾ ರೆಸ್ಟೋರೆಂಟಿನಲ್ಲಿ ಆರಾ ಅವರ ಮೊದಲ ಏಕವ್ಯಕ್ತಿ ಪ್ರದರ್ಶನ ನಡೆಯಿತು. 1944ರಲ್ಲಿ ಗವರ್ನರ್ ಬಹುಮಾನ ಬಂತು.

ದೇಶ ಸ್ವತಂತ್ರವಾದ 1947ರಲ್ಲಿ ಆರು ಮಂದಿ ಯುವಕರು ಸೇರಿ ಪ್ರೋಗ್ರೆಸಿವ್ ಆರ್ಟಿಸ್ಟ್ಸ್ ಗ್ರೂಪ್ ಎಂಬ ಬಳಗ ಕಟ್ಟಿದರು. ಗೋವೆಯ ಸೋಜಾ, ಪಂಢರಪುರದಲ್ಲಿ ಹುಟ್ಟಿ ಸಿನಿಮಾ ಬ್ಯಾನರ್ ಬರೆದು ಹೊಟ್ಟೆ ಹೊರೆದ ಎಂ. ಎಫ್. ಹುಸೇನ್, ಮಧ್ಯಪ್ರದೇಶದ ಎಸ್. ಎಚ್. ರಝಾ, ಎಚ್. ಎ. ಗಾಡೆ, ಶಿಲ್ಪಿ ಎಸ್. ಕೆ. ಬಾಕ್ರೆ, ಮತ್ತು ಆರಾ. ಭಾರತೀಯ ಕಲೆಗೆ ಹೊಸ ದಾರಿ ತೋರಿದವರ ಮೊದಲ ಸಾಲಿನಲ್ಲಿ ಈ ಆರು ಹೆಸರುಗಳು ಬರುತ್ತವೆ.

ಹೈಸ್ಕೂಲಿನಲ್ಲಿ ಡ್ರಾಯಿಂಗ್ ಸರ್ ಮೇಜಿನ ಮೇಲೆ ಒಂದು ಹೂಜಿ, ಎರಡು ಹಣ್ಣು ಇಟ್ಟು ಬರೆಸುವುದುಂಟು. ಕೈ ಪಳಗಲಿ ಎಂಬುದೇ ಅದರ ಉದ್ದೇಶ. ಕೈ ಪಳಗಿದ ಮೇಲೆ ದೇವರು, ರಾಜರು, ಯುದ್ಧ ಬರೆದರೆ ಮಾತ್ರ ದೊಡ್ಡ ಚಿತ್ರ ಎಂದು ನಂಬಿದವರು ಆ ಕಾಲದಲ್ಲಿ ಬಹಳ ಜನ. ಫ್ರಾನ್ಸಿನ ಸೆಜಾನ್ ಸೇಬು ಹಣ್ಣುಗಳನ್ನು ಬರೆದೇ ಆಧುನಿಕ ಕಲೆಯ ದಿಕ್ಕು ಬದಲಿಸಿದ್ದರು. ಚೀನಾದಲ್ಲಿ ಹುಟ್ಟಿ ಸಿಂಗಪುರದಲ್ಲಿ ನೆಲೆಸಿದ ಜಾರ್ಜೆಟ್ ಚೆನ್ ಅಲ್ಲಿನ ಸಂತೆಯಲ್ಲಿ ಸಿಗುವ ರಾಂಬುಟಾನ್ ಹಣ್ಣುಗಳನ್ನು 1965ರಲ್ಲಿ ಚಿತ್ರಿಸಿದರು. ನಮ್ಮ ದೇಶದಲ್ಲಿ ಹೂದಾನಿ, ಹಣ್ಣು, ಮಡಕೆ, ಹೂಜಿಗಳನ್ನೇ ಮುಖ್ಯ ವಸ್ತುವಾಗಿ ಹಿಡಿದು ದುಡಿದವರಲ್ಲಿ ಆರಾ ಪ್ರಮುಖರು. ಜಲವರ್ಣವನ್ನೂ ಅವರು ತೈಲವರ್ಣದಂತೆ ದಪ್ಪವಾಗಿ, ಧೈರ್ಯವಾಗಿ ಬಳಿಯುತ್ತಿದ್ದರು. ಹೂಜಿ ಥೇಟ್ ಹೂಜಿಯಂತೆ ಕಾಣಬೇಕೆಂಬ ಹಟ ಅವರಿಗಿರಲಿಲ್ಲ. ಅದರ ಆಕಾರ, ಬಣ್ಣ, ಭಾರ ನೋಡುವವರಿಗೆ ತಟ್ಟಬೇಕಿತ್ತು. 1952ರಲ್ಲಿ ಬಾಂಬೆ ಆರ್ಟ್ ಸೊಸೈಟಿಯ ಚಿನ್ನದ ಪದಕ ತಂದುಕೊಟ್ಟ ಅವರ ಚಿತ್ರದ ಹೆಸರು ‘ಎರಡು ಹೂಜಿ’.

ಆರಾ, ಹೆಸರು ಬಂದ ಮೇಲೂ ತಾವು ಬಂದ ದಾರಿ ಮರೆಯಲಿಲ್ಲ. ಮುಂಬಯಿಯ ಆರ್ಟಿಸ್ಟ್ಸ್ ಸೆಂಟರಿನ ಕಾರ್ಯದರ್ಶಿಯಾಗಿ, ಕೈಯಲ್ಲಿ ಕಾಸಿಲ್ಲದ ಹೊಸ ಕಲಾವಿದರಿಗೆ ಬೆನ್ನೆಲುಬಾಗಿ ನಿಂತರು. 1985ರಲ್ಲಿ ಮುಂಬಯಿಯಲ್ಲೇ ತೀರಿಕೊಂಡರು.

ಮನೆಯಾಳು ದಿನವೂ ಮುಟ್ಟುವುದು ಇಂಥ ಸಾಮಾನುಗಳನ್ನೇ. ಒಡೆಯರಿಗೆ ಅವು ನೀರು ಕುಡಿಯುವ, ಹೂ ಇಡುವ ಸಾಮಾನು, ಅಷ್ಟೆ. ತೊಳೆದು, ಒರೆಸಿ, ಎತ್ತಿಡುವವರಿಗೆ ಮಾತ್ರ ಹೂಜಿಯ ಕಂಠ ಎಲ್ಲಿ ಬಾಗಿದೆ, ಹೊಟ್ಟೆ ಎಷ್ಟು ಭಾರ ಎಂದು ಗೊತ್ತಿರುತ್ತದೆ. ಆ ತಿಳಿವಳಿಕೆ ಕೀಳು ಕೆಲಸದಿಂದ ಬಂದದ್ದೆಂದು ಆರಾ ನಾಚಿಕೊಳ್ಳಲಿಲ್ಲ, ಅದನ್ನೇ ಬಂಡವಾಳ ಮಾಡಿಕೊಂಡರು.

ನಮ್ಮ ಕಾಲೇಜಿನಲ್ಲಿ ಬೆಳಿಗ್ಗೆ ಪಾಠ ಕೇಳಿ, ಸಂಜೆ ಅಂಗಡಿಯಲ್ಲೋ ಗ್ಯಾರೇಜಿನಲ್ಲೋ ಹೊಲದಲ್ಲೋ ದುಡಿಯುವ ಗೆಳೆಯರಿದ್ದಾರೆ. ಮನೆಗೆಲಸವೆಲ್ಲ ಮುಗಿಸಿ ರಾತ್ರಿ ಪುಸ್ತಕ ಹಿಡಿಯುವ ಗೆಳತಿಯರಿದ್ದಾರೆ. ಆ ದುಡಿಮೆ ಓದಿಗೆ ಅಡ್ಡಿ ಎಂದಷ್ಟೇ ನಾವು ಎಣಿಸುತ್ತೇವೆ. ಸಮಯವನ್ನು ಅದು ತಿನ್ನುವುದು ನಿಜ. ಆದರೆ ಪುಸ್ತಕದಲ್ಲಿ ಸಿಗದ ಒಂದು ಅರಿವನ್ನೂ ಅದು ಕೈಗೆ ಕೊಟ್ಟಿರುತ್ತದೆ. ಆರಾ ಅವರ ಎರಡು ಹೂಜಿ ಹುಟ್ಟಿದ್ದು ಅಂಥ ಕೈಯಿಂದ.