ಬಹುಮತಕ್ಕೂ ಮಿತಿಯಿದೆ ಎಂದ ಕೌಡೂರಿನ ನ್ಯಾಯಮೂರ್ತಿ ಕೆ. ಎಸ್. ಹೆಗ್ಡೆ

ಊರಿಗೆ ಹೋದಾಗ ದೇರಳಕಟ್ಟೆಯ ಕೆ. ಎಸ್. ಹೆಗ್ಡೆ ಆಸ್ಪತ್ರೆಗೆ ಹೋಗಿ ಬಂದವರು ಥಾಣೆ, ಕಲ್ಯಾಣ್, ಡೊಂಬಿವಲಿ, ನವಿಮುಂಬಯಿಯ ನಮ್ಮ ಸಂಘಗಳಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಆದರೆ ಆ ಹೆಸರಿನವರು ವೈದ್ಯರಲ್ಲ, ಚುನಾಯಿತರು ಮಾಡಿದ ಕಾನೂನನ್ನು ನ್ಯಾಯಾಲಯ ರದ್ದುಪಡಿಸಬಹುದೇ ಎಂಬ ಪ್ರಶ್ನೆಗೆ ಉತ್ತರ ಬರೆದು ಹುದ್ದೆ ಬಿಟ್ಟು ಬಂದ ನ್ಯಾಯಮೂರ್ತಿ ಎಂಬುದು ಇಲ್ಲಿ ಹುಟ್ಟಿ ಬೆಳೆದ ಯುವ ಪೀಳಿಗೆಗೆ ಅಷ್ಟಾಗಿ ತಿಳಿದಿಲ್ಲ.

ಕೌಡೂರು ಸದಾನಂದ ಹೆಗ್ಡೆಯವರ ಜನನ 1909ರ ಜೂನ್ 11ರಂದು, ಕಾರ್ಕಳ ತಾಲೂಕಿನ ಕೌಡೂರಿನಲ್ಲಿ. ಮದರಾಸಿನಲ್ಲಿ ಕಾನೂನು ಕಲಿತು ಊರಲ್ಲಿ ವಕೀಲರಾದರು. 1952ರಲ್ಲಿ ಕಾಂಗ್ರೆಸ್ಸಿನಿಂದ ರಾಜ್ಯಸಭೆಗೆ ಆಯ್ಕೆಯಾದರು. 1957ರಲ್ಲಿ ಮೈಸೂರು ಹೈಕೋರ್ಟಿನ ನ್ಯಾಯಾಧೀಶರು, 1966ರಲ್ಲಿ ದೆಹಲಿ ಹೈಕೋರ್ಟಿನ ಪ್ರಥಮ ಮುಖ್ಯ ನ್ಯಾಯಾಧೀಶರು, 1967ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ. ಕಾನೂನು ಮಾಡುವ ಸದನವನ್ನೂ ಒಳಗಿನಿಂದಲೇ ಬಲ್ಲವರಾಗಿದ್ದರು.

1971ರ ಚುನಾವಣೆಯಲ್ಲಿ ಇಂದಿರಾ ಗಾಂಧಿಯವರ ಪಕ್ಷಕ್ಕೆ ಲೋಕಸಭೆಯಲ್ಲಿ 352 ಸ್ಥಾನಗಳು ಬಂದವು. ಜನರೇ ಇಷ್ಟು ದೊಡ್ಡ ಬಹುಮತ ಕೊಟ್ಟಿರುವಾಗ ಸಂವಿಧಾನದ ಯಾವ ಭಾಗವನ್ನಾದರೂ ಬದಲಾಯಿಸಬಹುದು ಎಂಬುದು ಸರಕಾರದ ವಾದ. ಇನ್ನೊಂದೆಡೆ, ಕೇರಳದ ಭೂಸುಧಾರಣಾ ಕಾನೂನಿನ ವಿರುದ್ಧ ಕಾಸರಗೋಡಿನ ಎಡನೀರು ಮಠದ ಶ್ರೀ ಕೇಶವಾನಂದ ಭಾರತಿ ಸ್ವಾಮೀಜಿಯವರು 1970ರಲ್ಲೇ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದ್ದರು. ಮುಂಬಯಿಯ ನಾನಿ ಪಾಲ್ಖಿವಾಲಾ ಅವರ ವಕೀಲರು. 13 ನ್ಯಾಯಮೂರ್ತಿಗಳ ಪೀಠದ ಮುಂದೆ 68 ದಿನ ವಾದ ನಡೆಯಿತು.

1973ರ ಏಪ್ರಿಲ್ 24ರಂದು 7-6ರ ತೀರ್ಪು ಬಂತು. ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಅದರ ಮೂಲ ಸ್ವರೂಪವನ್ನು ಕೆಡಿಸುವಂತಿಲ್ಲ. ಏಳು ಮಂದಿಯಲ್ಲಿ ಹೆಗ್ಡೆಯವರೂ ಒಬ್ಬರು. ನ್ಯಾ. ಮುಖರ್ಜಿಯ ಅವರೊಂದಿಗೆ ಬರೆದ ತೀರ್ಪಿನಲ್ಲಿ ಅವರು ತೋರಿಸಿಕೊಟ್ಟ ಸಂಗತಿ ಸರಳ. ಸದನದ ಮೂರನೇ ಎರಡು ಬಹುಮತವೆಂದರೆ ದೇಶದ ಬಹುಪಾಲು ಜನರೇ ಎಂದೇನಿಲ್ಲ. ಲೆಕ್ಕ ನೋಡಿದರೆ, 1971ರಲ್ಲಿ ಆ 352 ಸ್ಥಾನಗಳು ಬಂದದ್ದು ಸುಮಾರು ಶೇ. 44 ಮತಗಳಿಂದ. ಸಂಘದ ಮಹಾಸಭೆ ಉಪನಿಯಮ ತಿದ್ದಬಹುದು, ಆದರೆ ಹಾಲಿ ಸಮಿತಿಯೇ ಶಾಶ್ವತ, ಇನ್ನು ಚುನಾವಣೆಯೇ ಬೇಡ ಎಂದು ಕೈ ಎತ್ತಿಸಿ ಠರಾವು ಮಾಡಿದರೆ ಸದಸ್ಯರು ಎಲ್ಲಿಗೆ ಹೋಗಬೇಕು?

ಇಲ್ಲಿ ಒಂದು ಮಾತು ಹೇಳಲೇಬೇಕು. ನಮ್ಮ ಓದುಗರಲ್ಲಿ 1974ರ ಕರ್ನಾಟಕ ಭೂಸುಧಾರಣೆಯಿಂದ ಗದ್ದೆ ಕಳೆದುಕೊಂಡ ಮನೆಗಳವರೂ ಇದ್ದಾರೆ, ಪಡೆದ ಒಕ್ಕಲು ಮನೆಗಳವರೂ ಇದ್ದಾರೆ. ನ್ಯಾಯಾಲಯ ಶ್ರೀಮಂತರ ಆಸ್ತಿ ಕಾಯಲು ಜನರ ಕಾನೂನಿಗೆ ಅಡ್ಡ ಬಂತು ಎಂಬ ಆರೋಪ ಆಗ ಜೋರಾಗಿತ್ತು. ಆದರೆ ಇದೇ ತೀರ್ಪು ಕೇರಳದ ಭೂಕಾನೂನಿಗೆ ರಕ್ಷಣೆ ಕೊಟ್ಟ 29ನೇ ತಿದ್ದುಪಡಿಯನ್ನು ಎತ್ತಿ ಹಿಡಿಯಿತು. ತೀರ್ಪಿಗೆ ಸ್ವಾಮೀಜಿಯವರ ಹೆಸರು ಬಂತು, ಮಠಕ್ಕೆ ಭೂಮಿ ಬರಲಿಲ್ಲ.

ತೀರ್ಪಿನ ಬೆನ್ನಿಗೇ ಸರಕಾರ ಶೆಲಾಟ್, ಹೆಗ್ಡೆ, ಗ್ರೋವರ್ ಮೂವರನ್ನೂ ಕಡೆಗಣಿಸಿ ಕಿರಿಯರಾದ ಎ. ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಿತು. ಮೂವರೂ ರಾಜೀನಾಮೆ ಕೊಟ್ಟರು. ಎರಡೇ ವರ್ಷದಲ್ಲಿ, ತುರ್ತುಪರಿಸ್ಥಿತಿಯ ನಡುವೆ, ಪ್ರಧಾನಿಯ ಚುನಾವಣೆಯನ್ನು ನ್ಯಾಯಾಲಯ ಪ್ರಶ್ನಿಸುವಂತಿಲ್ಲ ಎಂಬ 39ನೇ ತಿದ್ದುಪಡಿ ಬಂತು. 1975ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಆ ಭಾಗವನ್ನು ಹೊಡೆದು ಹಾಕಿದ್ದು ಇದೇ ಮೂಲ ಸ್ವರೂಪದ ಆಧಾರದಲ್ಲಿ, ಅದೂ ರೇ ಅವರೇ ಮುಖ್ಯಸ್ಥರಾಗಿದ್ದ ಪೀಠದಲ್ಲಿ.

ಹೆಗ್ಡೆಯವರು ಮನೆಯಲ್ಲಿ ಕೂರಲಿಲ್ಲ, ಮತದಾರರ ಬಳಿಗೇ ಹೋದರು. 1977ರಲ್ಲಿ ಕರ್ನಾಟಕದ 28 ಸ್ಥಾನಗಳಲ್ಲಿ 26 ಕಾಂಗ್ರೆಸ್ಸಿನ ಪಾಲಾದಾಗ, ಜನತಾ ಪಕ್ಷಕ್ಕೆ ಬಂದ ಎರಡರಲ್ಲಿ ಒಂದು ಬೆಂಗಳೂರು ದಕ್ಷಿಣದಲ್ಲಿ ಅವರದ್ದು. ಅದೇ ಜುಲೈಯಲ್ಲಿ ಲೋಕಸಭೆಯ ಸ್ಪೀಕರ್ ಆದರು. ಆಸ್ತಿ ಹಕ್ಕನ್ನು ಮೂಲಭೂತ ಹಕ್ಕುಗಳಿಂದ ತೆಗೆದ, ಆರು ವರ್ಷಕ್ಕೆ ಎಳೆದಿದ್ದ ಲೋಕಸಭೆಯ ಅವಧಿಯನ್ನು ಐದಕ್ಕೆ ಇಳಿಸಿದ 44ನೇ ತಿದ್ದುಪಡಿ ಸದನದಲ್ಲಿ ಅಂಗೀಕಾರವಾದದ್ದು ಅವರು ಸ್ಪೀಕರ್ ಆಗಿದ್ದಾಗಲೇ. 1979ರಲ್ಲಿ ನಿಟ್ಟೆ ವಿದ್ಯಾಸಂಸ್ಥೆಗೆ ಅಡಿಪಾಯ ಹಾಕಿದರು. 1990ರ ಮೇ 24ರಂದು ನಿಧನರಾದರು. ಪುತ್ರ ಎನ್. ಸಂತೋಷ್ ಹೆಗ್ಡೆ ಮುಂದೆ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯೂ ಕರ್ನಾಟಕದ ಲೋಕಾಯುಕ್ತರೂ ಆದರು.